ನುಡಿಯೂ ಒಂದು ಬಂಡವಾಳ: ತುಳುನಾಡಿನಲ್ಲಿ ಖಾಸಗಿ ಪ್ರವಾಸ ಯೋಜನೆ

ನಲವತ್ತು ಆಸನಗಳ ಬಸ್ಸು, ಬೆಳಗಿನ ದೇವರ ದರ್ಶನ, ಮಧ್ಯಾಹ್ನದ ಊಟ, ಸಂಜೆಯ ಕಡಲತೀರ: ಉಡುಪಿಯ ಪ್ರವಾಸೋದ್ಯಮ ಬಹುಕಾಲ ನೆಚ್ಚಿಕೊಂಡ ಮಾದರಿ ಇದು. ಇದರ ಜೊತೆಯಲ್ಲೇ ಬೇರೊಂದು ಬಗೆಯ ಬೇಡಿಕೆ ಬೆಳೆದಿದೆ. ಒಂದು ಕುಟುಂಬ ಅಥವಾ ನಾಲ್ಕಾರು ಸ್ನೇಹಿತರು ತಮ್ಮ ಅಭಿರುಚಿ, ವಯಸ್ಸು ಹಾಗೂ ಬಿಡುವಿಗೆ ತಕ್ಕಂತೆ ರೂಪಿಸಿದ ಪ್ರವಾಸವನ್ನು ಬಯಸುತ್ತಾರೆ. ಇಂಥವರಿಗೆ ನೋಡಿದ ಸ್ಥಳಗಳ ಸಂಖ್ಯೆಗಿಂತ ಆ ನೆಲದ ಪರಿಚಯ ಮುಖ್ಯ. ಅಂಥ ಪರಿಚಯಕ್ಕೆ ಹತ್ತಿರದ ದಾರಿಯೆಂದರೆ ಅಲ್ಲಿನ ಮಾತು.

ಸ್ಕಾಟ್ಲೆಂಡಿನ ಪಾಠ

ಸ್ಕಾಟ್ಲೆಂಡಿನ ಸ್ಕಾಟ್ಸ್ ನುಡಿಯನ್ನು ಒಂದು ಕಾಲದಲ್ಲಿ ಕೆಟ್ಟ ಇಂಗ್ಲಿಷ್ ಎಂದು ಶಾಲೆಗಳಲ್ಲಿ ತಿದ್ದಲಾಗುತ್ತಿತ್ತು. ಇಂದು ಅದೇ ನುಡಿ ಪ್ರವಾಸಿಗರ ಆಕರ್ಷಣೆಯಾಗಿದೆ. ಚಿಕ್ಕದಕ್ಕೆ ‘ವೀ’, ಚೆಲುವಿಗೆ ‘ಬಾನಿ’, ಮೋಡ ಕವಿದು ಜಿನುಗುವ ದಿನಕ್ಕೆ ‘ಡ್ರೀಕ್’ ಎಂಬ ಪದಗಳನ್ನು ಬಂದವರು ನೆನಪಿನಲ್ಲಿ ಕೊಂಡೊಯ್ಯುತ್ತಾರೆ. ಈ ನುಡಿಯಲ್ಲಿ ಬರೆದ ಕವಿ ರಾಬರ್ಟ್ ಬರ್ನ್ಸ್ (1759-1796) ಹುಟ್ಟಿದ ಅಲೋವೆಯ ಮನೆ ಇಂದು ವಸ್ತುಸಂಗ್ರಹಾಲಯ. 2011ರ ಜನಗಣತಿಯಲ್ಲಿ ಅಲ್ಲಿ 15 ಲಕ್ಷಕ್ಕೂ ಹೆಚ್ಚು ಮಂದಿ ತಾವು ಸ್ಕಾಟ್ಸ್ ಆಡುವವರೆಂದು ಬರೆಸಿದರು. ಅದೇ ವರ್ಷದ ಭಾರತದ ಜನಗಣತಿಯಂತೆ ತುಳು ಭಾಷಿಕರು 18 ಲಕ್ಷಕ್ಕೂ ಅಧಿಕ.

ಹೋಲಿಕೆ ಇಷ್ಟಕ್ಕೇ ನಿಲ್ಲದು. 1856ರಲ್ಲಿ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನು ಪ್ರಕಟಿಸಿದ ರಾಬರ್ಟ್ ಕಾಲ್ಡ್‌ವೆಲ್ ಸ್ಕಾಟಿಷ್ ದಂಪತಿಗಳ ಮಗ, ಗ್ಲಾಸ್ಗೊ ವಿಶ್ವವಿದ್ಯಾಲಯದ ಪದವೀಧರ. ಅತ್ಯಂತ ವಿಕಾಸಗೊಂಡ ದ್ರಾವಿಡ ಭಾಷೆಗಳ ಸಾಲಿನಲ್ಲಿ ಅವರು ತುಳುವಿಗೆ ಸ್ಥಾನ ನೀಡಿದರು. ತುಳುವಿನ ಎಲ್ಲೆಗಳಾಗಿ ಅವರು ಗುರುತಿಸಿದ್ದು ದಕ್ಷಿಣದಲ್ಲಿ ಚಂದ್ರಗಿರಿ ಹೊಳೆಯನ್ನು, ಉತ್ತರದಲ್ಲಿ ಕಲ್ಯಾಣಪುರದ ಹೊಳೆಯನ್ನು.

ಗಡಿಯೂರಿನ ಸಂಪತ್ತು

ಆ ಹೊಳೆಯೇ ಸುವರ್ಣಾ. ಅದರ ದಡದ ಕಲ್ಯಾಣಪುರದಲ್ಲಿ ತುಳು, ಕೊಂಕಣಿ, ಕನ್ನಡ ಮೂರೂ ಕಿವಿಗೆ ಬೀಳುತ್ತವೆ. ಬ್ರಹ್ಮಾವರ ಕಳೆದು ಉತ್ತರಕ್ಕೆ ಸಾಗಿದಂತೆ ಕುಂದಾಪುರ ಕನ್ನಡದ ಸೊಗಸು ಆರಂಭವಾಗುತ್ತದೆ. ಇಲ್ಲಿನ ಮಿಲಾಗ್ರಿಸ್ ಇಗರ್ಜಿಯು 2012ರಲ್ಲಿ ಉಡುಪಿ ಧರ್ಮಪ್ರಾಂತ್ಯ ರಚನೆಯಾದಾಗ ಅದರ ಪ್ರಧಾನಾಲಯವಾಯಿತು. ಅರ್ಧ ದಿನದಲ್ಲಿ ಇಷ್ಟು ನುಡಿಗಳನ್ನು ಕೇಳಿಸಬಲ್ಲ ಊರು ಬಸ್ಸಿನ ಪ್ರವಾಸಪಟ್ಟಿಯಲ್ಲಿ ಬರುವುದು ವಿರಳ. ಹೆದ್ದಾರಿಯ ಪ್ರಯಾಣಿಕರು ಸೇತುವೆಯ ಮೇಲೆ ದಾಟಿಹೋಗುತ್ತಾರೆ.

ಸುತ್ತಲಿನ ಊರುಗಳ ಹೆಸರುಗಳೇ ಒಂದು ಪ್ರವಾಸಕ್ಕೆ ಸಾಕು. ಉಡುಪಿ ತುಳುವರ ಬಾಯಲ್ಲಿ ‘ಒಡಿಪು’, ಕಾರ್ಕಳ ‘ಕಾರ್ಲ’. ಮಣ್ಣು ಮತ್ತು ಕೆರೆಯ ಅರ್ಥದ ‘ಪಳ್ಳ’ ಸೇರಿ ಮಣಿಪಾಲವಾಯಿತೆನ್ನುತ್ತಾರೆ. ಕಾರ್ಕಳದಲ್ಲಿ 1432ರ 42 ಅಡಿಯ ಗೊಮ್ಮಟ ಹಾಗೂ 1586ರ ಚತುರ್ಮುಖ ಬಸದಿ, ಕಾಪುವಿನಲ್ಲಿ 1901ರ ದೀಪಸ್ತಂಭ, ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಹಳೆಯ ಮನೆಗಳನ್ನು ಉಳಿಸಿ ಕಟ್ಟಿದ ಹಸ್ತಶಿಲ್ಪ ಗ್ರಾಮ: ಇವೆಲ್ಲ ಒಂದೇ ಜಿಲ್ಲೆಯೊಳಗಿವೆ.

ಯೋಜನೆಯ ಲೆಕ್ಕಾಚಾರ

ಬಸ್ಸಿನ ಖರ್ಚು ನಲವತ್ತು ಜನರಲ್ಲಿ ಹಂಚಿಹೋದರೆ, ಕಾರಿನ ಖರ್ಚನ್ನು ನಾಲ್ವರೇ ಹೊರಬೇಕು. ಆದ್ದರಿಂದ ಖಾಸಗಿ ಪ್ರವಾಸದಲ್ಲಿ ತಲಾ ವೆಚ್ಚ ಸಹಜವಾಗಿಯೇ ಹೆಚ್ಚು. ಆ ಹೆಚ್ಚುವರಿಗೆ ಪ್ರತಿಯಾಗಿ ಉದ್ಯಮಿ ಕೊಡಬೇಕಾದದ್ದು ಸಮಯ ಮತ್ತು ತಿಳಿವಳಿಕೆ. ಹಿರಿಯರು ಎಷ್ಟು ಮೆಟ್ಟಿಲು ಹತ್ತಬಲ್ಲರು, ಊಟಕ್ಕೆ ಮೀನೋ ಸಸ್ಯಾಹಾರವೋ, ಆಸಕ್ತಿ ಶಿಲ್ಪದಲ್ಲೋ ಕೃಷಿಯಲ್ಲೋ ಎಂಬುದನ್ನು ಮೊದಲೇ ವಿಚಾರಿಸಿ ದಿನಚರಿ ಹೊಂದಿಸಬೇಕು. ವಾಹನ, ಮಾರ್ಗದರ್ಶಿ, ಊಟ, ಪ್ರವೇಶಧನಗಳನ್ನು ಬಿಡಿಬಿಡಿಯಾಗಿ ತೋರಿಸಿದರೆ ವಿಶ್ವಾಸ ಬೆಳೆಯುತ್ತದೆ.

ಋತುಜ್ಞಾನವೂ ಅಗತ್ಯ. ಮಳೆಗಾಲದಲ್ಲಿ ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿಗಳು ಹೋಗುವುದಿಲ್ಲ. ಮೇ ತಿಂಗಳ ಕೊನೆಯ ಭಾಗದಲ್ಲಿ ಬರುವ ಪತ್ತನಾಜೆಗೆ ಕೋಲ ಹಾಗೂ ಯಕ್ಷಗಾನ ಮೇಳಗಳ ತಿರುಗಾಟ ನಿಲ್ಲುತ್ತದೆ. ಹಾಗೆಂದು ಮಳೆಗಾಲವನ್ನು ಕೈಬಿಡಬೇಕಾಗಿಲ್ಲ. ಆಟಿ ತಿಂಗಳ ಪತ್ರೊಡೆ, ಆಟಿ ಅಮಾವಾಸ್ಯೆಯ ಪಾಲೆ ಮರದ ಕಷಾಯ, ತುಂಬಿ ಹರಿಯುವ ಸುವರ್ಣೆ ಇವು ಆ ಕಾಲಕ್ಕೇ ಮೀಸಲು. ‘ಡ್ರೀಕ್’ ದಿನವನ್ನೂ ಸ್ಕಾಟ್ಲೆಂಡ್ ಮಾರಬಲ್ಲುದಾದರೆ ಆಟಿಯ ‘ಬರ್ಸ’ಕ್ಕೆ ಬೆಲೆ ಇಲ್ಲವೆನ್ನಲಾಗದು.

ಎಚ್ಚರದ ಮಾತು

ನುಡಿಯನ್ನು ಬಂಡವಾಳವೆಂದು ಕರೆದಾಗ ಅದರ ಲಾಭ ಯಾರಿಗೆ ಎಂಬ ಪ್ರಶ್ನೆಯೂ ಏಳುತ್ತದೆ. ಅತಿಥಿಗೆ ತುಳುನಾಡು ಪರಿಚಯವಾಗುವುದು ಕಾರಿನ ಚಾಲಕ, ದೋಣಿಯವರು, ಊಟ ಬಡಿಸುವ ಮನೆಯೊಡತಿ ಇವರ ಮಾತಿನಿಂದ. ಅವರಿಗೆ ಕೂಲಿ ಮಾತ್ರ ಕೊಟ್ಟು, ಅವರ ಮಾತಿನ ಬೆಲೆಯನ್ನು ಯೋಜಕರೇ ಉಳಿಸಿಕೊಂಡರೆ ಆ ಬಂಡವಾಳ ಬಹುಕಾಲ ಬಾಳದು. ಮನೆಯಲ್ಲಿ ತುಳು ಆಡುವ ಯುವಕ ಯುವತಿಯರಿಗೆ ಮಾರ್ಗದರ್ಶನದ ತರಬೇತಿ ದೊರೆತು ಅದು ಜೀವನೋಪಾಯವಾದಾಗ ಭಾಷೆಯೂ ಉಳಿಯುತ್ತದೆ. ಸಂವಿಧಾನದ ಎಂಟನೆಯ ಪರಿಚ್ಛೇದದಲ್ಲಿ ಇನ್ನೂ ಸ್ಥಾನ ಪಡೆಯದ ನುಡಿಗೆ ಈ ಆಸರೆ ಸಣ್ಣದಲ್ಲ.

ಭೂತಕೋಲವು ಆರಾಧನೆಯೇ ಹೊರತು ಬೇಡಿಕೆಯ ಮೇರೆಗೆ ಏರ್ಪಡಿಸುವ ಪ್ರದರ್ಶನವಲ್ಲ. ಕುಟುಂಬದ ಅಥವಾ ಊರಿನ ಒಪ್ಪಿಗೆ ಪಡೆದು, ಛಾಯಾಚಿತ್ರದ ಕಟ್ಟುಪಾಡುಗಳನ್ನು ಮೊದಲೇ ತಿಳಿಸಿ ಅತಿಥಿಗಳನ್ನು ಕರೆದೊಯ್ಯುವುದು ಯೋಜಕರ ಹೊಣೆ.

ಆರಂಭಕ್ಕೆ ದೊಡ್ಡ ಹೂಡಿಕೆ ಬೇಕಿಲ್ಲ. ಕರೆಯುವ ‘ಬಲೆ’, ಕುಳ್ಳಿರಿಸುವ ‘ಕುಲ್ಲುಲೆ’, ಊಟವಾಯಿತೇ ಎಂದು ವಿಚಾರಿಸುವ ‘ವನಸ್ ಆಂಡಾ’ ಮುಂತಾದ ಇಪ್ಪತ್ತು ಮಾತುಗಳನ್ನು ಅರ್ಥಸಹಿತ ಒಂದು ಹಾಳೆಯಲ್ಲಿ ಮುದ್ರಿಸಿ ದಿನಚರಿಯೊಡನೆ ಕೊಡಬಹುದು. ಅತಿಥಿ ಅವುಗಳಲ್ಲಿ ಒಂದನ್ನು ತಪ್ಪುತಪ್ಪಾಗಿ ಆಡಿದರೂ ಅಂಗಡಿಯವರ ಮುಖ ಅರಳುತ್ತದೆ. ಅಲ್ಲಿಂದ ಮುಂದಿನ ವ್ಯವಹಾರ ಸುಲಭ.