ಹೆಸರು ಕೇಳದೆ ರುಚಿ ನೋಡಿ

ಅಮೆರಿಕದ ಕೆಂಟಕಿಯಲ್ಲಿ ಓಲ್ಡ್ ಫಾರೆಸ್ಟರ್‌ನವರು ಸಂಸ್ಥಾಪಕ ಜಾರ್ಜ್ ಗಾರ್ವಿನ್ ಬ್ರೌನ್ ಹುಟ್ಟಿದ ಸೆಪ್ಟೆಂಬರ್ 2ರ ನೆನಪಿಗೆ 2002ರಿಂದ ವರ್ಷಕ್ಕೊಮ್ಮೆ ‘ಬರ್ತ್‌ಡೇ ಬರ್ಬನ್’ ಹೊರತರುತ್ತಾರೆ. ಸಿಗೋದು ಅಪರೂಪ, ಕೈ ಬದಲಾದರೆ ಬೆಲೆ ಹಲವು ಪಟ್ಟು. ಆದರೆ ಅಪರೂಪದ್ದೆಲ್ಲ ರುಚಿಯೇ?

ಕಾನೂನು ಎಲ್ಲ ಬರ್ಬನ್‌ಗೂ ಒಂದೇ: ಕನಿಷ್ಠ ಶೇ. 51 ಮೆಕ್ಕೆಜೋಳ, ಒಳಮೈ ಸುಟ್ಟ ಹೊಸ ಓಕ್ ಪೀಪಾಯಿ. ವೆನಿಲ್ಲಾ, ಸುಟ್ಟ ಸಕ್ಕರೆಯ ಘಮ ಕೊಡೋದು ಆ ಮರವೇ. ತೀರಾ ಹೆಚ್ಚು ವರ್ಷ ಇಟ್ಟರೆ ಒಗರೂ ಇಳಿಯುತ್ತೆ.

ದುಡ್ಡು ಸುರಿಯುವ ಮುನ್ನ ಹೀಗೆ ಮಾಡಿ. ಅಪರೂಪದ್ದು, ಸಾಮಾನ್ಯದ್ದು ಎರಡನ್ನೂ ಒಂದೇ ಥರದ ಲೋಟಗಳಿಗೆ ಬೇರೆಯವರಿಂದ ಹಾಕಿಸಿ. ಬಾಯಿ ತುಸು ತೆರೆದು ಮೂಸಿ. ಸಣ್ಣ ಗುಟುಕನ್ನು ನಾಲಿಗೆ ಮೇಲೆ ಆಡಿಸಿ. ಗಂಟಲು ಸುಟ್ಟರೆ ನಾಲ್ಕು ಹನಿ ನೀರು. ರುಚಿ ಎಷ್ಟು ಹೊತ್ತು ನಿಲ್ಲುತ್ತೆ ನೋಡಿ. ಅಂಕ ಬರೆದ ಮೇಲೇ ಹೆಸರು ಕೇಳಿ. ಸಾಮಾನ್ಯದ್ದೇ ಗೆದ್ದರೆ ಜೇಬು ಉಳೀತು ಅನ್ನಿ!