ಎಣ್ಣೆ ಸೋಲುವ ಜಾಗದಲ್ಲೊಂದು ಪದರ

ಎಂಜಿನ್ ಎಷ್ಟೇ ಜೋರಾಗಿ ಓಡುತ್ತಿರಲಿ, ಅದರ ಪಿಸ್ಟನ್ ಪ್ರತಿ ಸುತ್ತಿಗೆ ಎರಡು ಸಲ ನಿಲ್ಲುತ್ತದೆ. ಸಿಲಿಂಡರಿನ ತುದಿ ಮುಟ್ಟಿ ಹಿಂದಕ್ಕೆ ಹೊರಳುವ ಆ ಗಳಿಗೆಯಲ್ಲಿ ಅದರ ವೇಗ ಸೊನ್ನೆ. ಎಂಜಿನ್ ಆಯಿಲ್‌ಗೆ ನಿಜವಾದ ಪರೀಕ್ಷೆ ಇರುವುದು ಅಲ್ಲಿ. ಎರಡು ಲೋಹಗಳ ನಡುವೆ ಎಣ್ಣೆಯ ಪೊರೆ ನಿಲ್ಲುವುದು ಚಲನೆಯಿಂದ. ಓಡುವ ಲೋಹ ಎಣ್ಣೆಯನ್ನು ತನ್ನ ಜೊತೆ ಸಂದಿಗೆ ಎಳೆದುಕೊಳ್ಳುತ್ತದೆ, ಸಂದಿಯಲ್ಲಿ ಒತ್ತಡ ಹುಟ್ಟುತ್ತದೆ, ಆ ಒತ್ತಡವೇ ಲೋಹವನ್ನು ಎತ್ತಿ ಹಿಡಿಯುತ್ತದೆ. ಇದರ ಗಣಿತವನ್ನು ಆಸ್‌ಬೋರ್ನ್ ರೆನಾಲ್ಡ್ಸ್ 1886ರಲ್ಲೇ ಬರೆದಿಟ್ಟಿದ್ದಾರೆ. ವೇಗ ಇಲ್ಲವಾದರೆ ಒತ್ತಡವೂ ಇಲ್ಲ, ಎಣ್ಣೆ ಪಕ್ಕಕ್ಕೆ ಸರಿಯುತ್ತದೆ. ಎಷ್ಟೇ ನುಣುಪಾದ ಉಕ್ಕಿನ ಮೇಲೂ ಸೂಕ್ಷ್ಮವಾದ ಉಬ್ಬುಗಳಿರುತ್ತವೆ. ಅವು ಒಂದಕ್ಕೊಂದು ತಾಗಿ, ಬೆಸೆದುಕೊಂಡು, ಮತ್ತೆ ಕಿತ್ತುಬರುತ್ತವೆ. ಸವೆತ ಶುರುವಾಗುವುದು ಹೀಗೆ.

ಇದು ಮೆಕ್ಯಾನಿಕ್‌ಗಳ ತಲೆನೋವು ಮಾತ್ರ ಎಂದುಕೊಳ್ಳಬೇಡಿ. ಹೋಮ್‌ಬರ್ಗ್ ಮತ್ತು ಎರ್ಡೆಮಿರ್ ಎಂಬ ಇಬ್ಬರು ತಜ್ಞರು 2017ರಲ್ಲಿ ಲೆಕ್ಕ ಹಾಕಿದ ಪ್ರಕಾರ, ಜಗತ್ತು ಬಳಸುವ ಒಟ್ಟು ಶಕ್ತಿಯಲ್ಲಿ ಸುಮಾರು ಶೇ. 20ರಷ್ಟು ಘರ್ಷಣೆಯನ್ನು ಗೆಲ್ಲುವುದಕ್ಕೇ ಖರ್ಚಾಗುತ್ತದೆ. ಸವೆದ ಭಾಗಗಳನ್ನು ಮತ್ತೆ ತಯಾರಿಸಲು ಇನ್ನೂ ಶೇ. 3ರಷ್ಟು ಬೇಕು. ಬೆಂಕಿಯಿಂದ, ಬಿಸಿಲಿನಿಂದ, ಅಣೆಕಟ್ಟಿನಿಂದ ನಾವು ಗಳಿಸಿದ ಶಕ್ತಿಯ ಐದನೇ ಒಂದು ಪಾಲು ಹೀಗೆ ಉಜ್ಜಾಟದಲ್ಲೇ ಹಾರಿಹೋಗುತ್ತಿದೆ. ಕೀಲೆಣ್ಣೆಯ ವಿಜ್ಞಾನಕ್ಕೆ ಸಿಗಬೇಕಾದ ಗಮನ ಇನ್ನೂ ಸಿಕ್ಕಿಲ್ಲ ಎಂದು ನನಗೆ ಬಲವಾಗಿ ಅನ್ನಿಸುವುದು ಈ ಕಾರಣಕ್ಕೆ.

ಎಣ್ಣೆ ಸೋಲುವ ಜಾಗವನ್ನು ಕಾಯಲು 1940ರ ದಶಕದಿಂದ ಒಂದು ರಾಸಾಯನಿಕ ದುಡಿಯುತ್ತಿದೆ. ಸತು, ಗಂಧಕ, ರಂಜಕ ಸೇರಿದ ಅದರ ಚಿಕ್ಕ ಹೆಸರು ಜೆಡ್‌ಡಿಡಿಪಿ. ಉಜ್ಜಾಟದ ಬಿಸಿಗೆ ಒಡೆದು, ಉಕ್ಕಿನ ಮೇಲೆ ಗಾಜಿನಂಥ ತೆಳುಪೊರೆ ಕಟ್ಟುತ್ತದೆ. ಸವೆತ ತಡೆಯುವುದರಲ್ಲಿ ಇದಕ್ಕೆ ಸಾಟಿ ಇಲ್ಲ. ಆದರೆ ಘರ್ಷಣೆಯನ್ನು ಇದು ಇಳಿಸುವುದಿಲ್ಲ, ಕೆಲವು ಸಲ ಹೆಚ್ಚಿಸುವುದೂ ಉಂಟು. ಜೊತೆಗೆ ಇದರ ರಂಜಕ ಹೊಗೆ ಶುದ್ಧ ಮಾಡುವ ಕೆಟಲಿಟಿಕ್ ಕನ್ವರ್ಟರನ್ನು ಹಾಳುಮಾಡುತ್ತದೆ. ಹೀಗಾಗಿ ಎಣ್ಣೆಯಲ್ಲಿ ರಂಜಕಕ್ಕೆ ಮಿತಿ ಬಂತು, ಅದರ ಹೊರೆ ಹಂಚಿಕೊಳ್ಳಬಲ್ಲ ಪದಾರ್ಥದ ಹುಡುಕಾಟ ಚುರುಕಾಯಿತು.

ಆ ಹುಡುಕಾಟ ಬಂದು ನಿಂತದ್ದು ಪದರಪದರವಾಗಿರುವ ಹರಳುಗಳ ಹತ್ತಿರ. ಮಾಲಿಬ್ಡಿನಂ ಡೈಸಲ್ಫೈಡ್ ಇವುಗಳಲ್ಲಿ ಮುಖ್ಯವಾದದ್ದು. ಗ್ಯಾರೇಜುಗಳಲ್ಲಿ ಮಾಲಿ ಗ್ರೀಸ್ ಅನ್ನುತ್ತಾರಲ್ಲ, ಅದರೊಳಗಿನ ಕಪ್ಪು ಪುಡಿ ಇದೇ. ಇದರ ಒಂದೊಂದು ಪದರದಲ್ಲೂ ಮಾಲಿಬ್ಡಿನಂ ಪರಮಾಣುಗಳ ಸಾಲು ನಡುವೆ, ಮೇಲೊಂದು ಕೆಳಗೊಂದು ಗಂಧಕದ ಸಾಲು. ಪದರದೊಳಗಿನ ಬಂಧ ಬಹಳ ಗಟ್ಟಿ. ಪದರಕ್ಕೂ ಪದರಕ್ಕೂ ನಡುವೆ ಇರುವುದು ಗಂಧಕಕ್ಕೆ ಎದುರಾದ ಗಂಧಕ, ಅವುಗಳ ಸೆಳೆತ ತೀರಾ ಸಡಿಲ. ವೀಳ್ಯದೆಲೆಯ ಕವಳಿಗೆಯನ್ನು ಮೇಲಿಂದ ಒತ್ತಿದರೆ ಅದು ಭಾರ ತಡೆಯುತ್ತದೆ, ಪಕ್ಕಕ್ಕೆ ತಳ್ಳಿದರೆ ಎಲೆಗಳು ಒಂದರ ಮೇಲೊಂದು ಜಾರುತ್ತವೆ. ಇಲ್ಲಿ ಎಲೆಯಿಂದ ಎಲೆಗೆ ಇರುವ ಅಂತರ ಸುಮಾರು 0.6 ನ್ಯಾನೊಮೀಟರ್.

ಗ್ರಾಫೈಟ್ ಕೂಡ ಪದರಗಳದ್ದೇ, ಆದರೆ ಅದರ ಸ್ವಭಾವ ಬೇರೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಬಹಳ ಎತ್ತರದಲ್ಲಿ ಹಾರಿದ ವಿಮಾನಗಳ ಜನರೇಟರುಗಳಲ್ಲಿ ಇಂಗಾಲದ ಬ್ರಷ್‌ಗಳು ನೋಡನೋಡುತ್ತ ಸವೆದು ಪುಡಿಯಾದವು. ನೆಲದ ಮೇಲೆ ಅವೇ ಬ್ರಷ್‌ಗಳು ಚೆನ್ನಾಗಿ ಬಾಳುತ್ತಿದ್ದವು. ಗ್ರಾಫೈಟ್ ಜಾರಬೇಕಾದರೆ ಗಾಳಿಯಲ್ಲಿ ನೀರಾವಿ ಬೇಕು, ಎತ್ತರದ ಒಣ ಗಾಳಿಯಲ್ಲಿ ಅದಿಲ್ಲ ಎಂದು ಆಮೇಲೆ ತಿಳಿಯಿತು. ಮಾಲಿಬ್ಡಿನಂ ಡೈಸಲ್ಫೈಡ್‌ನದ್ದು ಇದಕ್ಕೆ ನೇರ ವಿರುದ್ಧ. ತೇವ ಕಂಡರೆ ಬಳಲುತ್ತದೆ, ನಿರ್ವಾತದಲ್ಲಿ ಚೆನ್ನಾಗಿ ಜಾರುತ್ತದೆ. ಉಪಗ್ರಹಗಳ ತಿರುಗುವ ಭಾಗಗಳಿಗೆ ಇದನ್ನೇ ಲೇಪಿಸುವುದು ಅದಕ್ಕಾಗಿ.

ಚಪ್ಪಟೆ ಪದರಕ್ಕೆ ಒಂದು ಕೊರತೆಯಿದೆ. ಅದರ ಅಂಚಿನಲ್ಲಿರುವ ಪರಮಾಣುಗಳಿಗೆ ಒಂದು ಬದಿಯಲ್ಲಿ ಜೊತೆಗಾರರಿಲ್ಲ. ಆಮ್ಲಜನಕ ಅಲ್ಲಿಂದಲೇ ಕೊರೆಯಲು ತೊಡಗುತ್ತದೆ. ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ರೆಷೆಫ್ ಟೆನ್ನೆ ಮತ್ತು ಸಂಗಡಿಗರು 1992ರಲ್ಲಿ ಇದೇ ಬಗೆಯ ಇನ್ನೊಂದು ಹರಳಾದ ಟಂಗ್‌ಸ್ಟನ್ ಡೈಸಲ್ಫೈಡ್‌ನ ಪದರಗಳು ಬಾಗಿ ಮುಚ್ಚಿಕೊಂಡು, ಒಂದರೊಳಗೊಂದು ಕೂತ ಪೊಳ್ಳು ಗೋಲಗಳೂ ಕೊಳವೆಗಳೂ ಆಗುವುದನ್ನು ತೋರಿಸಿದರು. ಮುಚ್ಚಿದ ಗೋಲಕ್ಕೆ ಅಂಚೇ ಇಲ್ಲ. 1997ರಲ್ಲಿ ಈ ಕಣಗಳು ಘರ್ಷಣೆ ಮತ್ತು ಸವೆತವನ್ನು ಇಳಿಸಬಲ್ಲವೆಂಬ ವರದಿ ಬಂತು. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಸಿ.ಎನ್.ಆರ್. ರಾವ್ ಅವರ ತಂಡ ಇಂಥ ಸಲ್ಫೈಡ್‌ಗಳ ನ್ಯಾನೊ ಕೊಳವೆಗಳನ್ನು ತಯಾರಿಸುವ ಸರಳ ದಾರಿಯೊಂದನ್ನು 2001ರಲ್ಲಿ ಪ್ರಕಟಿಸಿತು.

ಈ ಗೋಲಗಳು ಉರುಳುತ್ತವೆ, ಆದ್ದರಿಂದ ಘರ್ಷಣೆ ಇಳಿಯುತ್ತದೆ ಎಂದು ಮೊದಲು ಊಹಿಸಿದ್ದುಂಟು. ಫ್ರಾನ್ಸಿನ ಲಿಯಾನ್‌ನ ಸಂಶೋಧಕರು ಒಂದೇ ಒಂದು ಕಣವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗಿಟ್ಟು, ಒತ್ತಿ ಜಾರಿಸುತ್ತ ನೋಡಿದರು. ಒತ್ತಡ ಕಡಿಮೆಯಿದ್ದಾಗ ಉರುಳುವುದೂ ನಿಜ. ಒತ್ತಡ ಏರಿದಂತೆ ಗೋಲ ಒಡೆದು, ಸಿಪ್ಪೆ ಸುಲಿದು, ಒಂದೊಂದೇ ಹಾಳೆಯನ್ನು ಲೋಹದ ಮೇಲೆ ಹಾಸುತ್ತದೆ. ಕೆಲಸ ಮಾಡುವುದು ಆ ಹಾಳೆ, ಗೋಲವೇನಿದ್ದರೂ ಅದನ್ನು ಹೊತ್ತು ತರುವ ಪೊಟ್ಟಣ. ಹರಳಿನ ರಚನೆ ಒಂದಿಷ್ಟು ಊನವಾಗಿರುವ ಕಣಗಳೇ ಹೆಚ್ಚು ಉಪಯೋಗಕ್ಕೆ ಬರುತ್ತವೆ, ಅವು ಬೇಗ ಸುಲಿಯುತ್ತವೆ ಎಂಬುದೂ ಈ ಅಧ್ಯಯನಗಳಿಂದ ಹೊರಬಿತ್ತು.

ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇರುವುದು ಇದರ ಮುಂದಿನ ತೊಡಕಿನಲ್ಲಿ. ಎಣ್ಣೆಗೆ ಹಾಕಿದ ನ್ಯಾನೊ ಕಣಗಳು ಒಂದಕ್ಕೊಂದು ಅಂಟಿ, ಗಂಟುಕಟ್ಟಿ, ತಳಕ್ಕೆ ಇಳಿಯುತ್ತವೆ. ಅವನ್ನು ತೇಲಿಸಿಡಲು ಬೇರೆ ರಾಸಾಯನಿಕ ಸೇರಿಸಬೇಕು. ಮಸಿಯನ್ನು ಚದುರಿಸಿಡಲು ಅಂಥವು ಎಂಜಿನ್ ಆಯಿಲ್‌ನಲ್ಲಿ ಹೇಗೂ ಇರುತ್ತವೆ. ಲಿಯಾನ್‌ನಲ್ಲೇ 2014ರಲ್ಲಿ ಕಂಡದ್ದೇನೆಂದರೆ, ಈ ರಾಸಾಯನಿಕ ಸೇರಿದ ಮೇಲೆ ಕಣಗಳು ಚೆನ್ನಾಗಿ ತೇಲಿದವು, ಆದರೆ ಘರ್ಷಣೆ ಇಳಿಸುವ ಗುಣವೇ ಕುಗ್ಗಿತು. ಕಣವನ್ನು ಕಣಕ್ಕೆ ಅಂಟಗೊಡದ ಕವಚ ಅದನ್ನು ಉಕ್ಕಿಗೂ ಅಂಟಗೊಡುವುದಿಲ್ಲ. ಪ್ರಯೋಗಾಲಯದ ಶುದ್ಧ ಎಣ್ಣೆಯಲ್ಲಿ ಗೆದ್ದ ಪುಡಿ ರಸ್ತೆಯ ಮೇಲಿನ ಎಂಜಿನ್ನಿನಲ್ಲಿ ಗೆಲ್ಲುತ್ತದೆಂದು ಹೇಳಲಾಗದು.

ಈ ತೊಡಕನ್ನು ದಾಟಿದ ಒಂದು ದಾರಿ ಆಗಲೇ ಬಳಕೆಯಲ್ಲಿದೆ. ಅದರಲ್ಲಿ ಪುಡಿಯೇ ಇಲ್ಲ. ಮಾಲಿಬ್ಡಿನಂ ಡೈಥಯೊಕಾರ್ಬಮೇಟ್ ಎಂಬ ಸಂಯುಕ್ತ ಎಣ್ಣೆಯಲ್ಲಿ ಪೂರ್ತಿ ಕರಗುತ್ತದೆ. ತಳ ಸೇರುವ, ಗಂಟು ಕಟ್ಟುವ ಮಾತೇ ಬರುವುದಿಲ್ಲ. ಲೋಹದ ಉಬ್ಬುಗಳು ತಾಗಿ ಉಜ್ಜಿದ ಜಾಗದಲ್ಲಿ ಮಾತ್ರ ಅದು ಒಡೆದು, ಮಾಲಿಬ್ಡಿನಂ ಡೈಸಲ್ಫೈಡ್‌ನ ಬಿಡಿಹಾಳೆಗಳಾಗಿ ಕೂರುತ್ತದೆ. ಎಲ್ಲಿ ಬೇಕೋ ಅಲ್ಲಿ, ಬೇಕಾದ ಹೊತ್ತಿಗೆ ಪದರ ಹುಟ್ಟುತ್ತದೆ. ಸಾಮಾನ್ಯ ಎಣ್ಣೆಯಿದ್ದಾಗ 0.1ರ ಆಸುಪಾಸು ಇರುವ ಘರ್ಷಣಾಂಕ ಇದರಿಂದ ಅರ್ಧದಷ್ಟಾಗಬಲ್ಲದು. ಹೊಸ ಕಾರುಗಳ ತೆಳು ಎಣ್ಣೆಗಳಲ್ಲಿ ಇಂಥ ಮಾಲಿಬ್ಡಿನಂ ಸಂಯುಕ್ತಗಳು ಸೇರಿರುತ್ತವೆ. ಎಣ್ಣೆ ತೆಳುವಾದಷ್ಟೂ ಲೋಹಗಳು ತಾಗುವುದು ಹೆಚ್ಚು, ಕಾವಲು ಅಷ್ಟೇ ಬಲವಾಗಿರಬೇಕು. ಆದರೆ ಇದು ಬಿಸಿಗೆ, ಗಾಳಿಗೆ ಕ್ರಮೇಣ ತೀರಿಹೋಗುತ್ತದೆ. ಆಗಾಗ ಎಣ್ಣೆ ಬದಲಿಸಬೇಕಾದ ಕಾರಣಗಳಲ್ಲಿ ಇದೂ ಒಂದು. ಬಾಳಿಕೆಯಲ್ಲಿ ಇದನ್ನು ಮೀರಿಸಬಹುದೆಂಬ ಆಸೆಯಿಂದಲೇ ನ್ಯಾನೊ ಕಣಗಳ ಸಂಶೋಧನೆ ಇನ್ನೂ ನಡೆಯುತ್ತಿರುವುದು.

ಗ್ರಾಫೀನ್, ಮಾಲಿ, ನ್ಯಾನೊ ಎಂದು ಬರೆದ ಪುಟ್ಟ ಬಾಟಲಿಗಳು ಅಂಗಡಿಗಳಲ್ಲಿ ಸಿಗುತ್ತವೆ. ಕಂಪನಿ ಹೇಳಿದ ದರ್ಜೆಯ ಎಣ್ಣೆಯಲ್ಲಿ ಸೇರ್ಪಡೆಗಳ ಅಳತೆಯನ್ನು ಆಗಲೇ ಹೊಂದಿಸಿರುತ್ತಾರೆ, ಹೊರಗಿನಿಂದ ಸುರಿದದ್ದು ಆ ಹೊಂದಾಣಿಕೆಯನ್ನು ಕೆಡಿಸಬಹುದು. ಬೈಕ್ ಇರುವವರಂತೂ ಎಚ್ಚರದಿಂದಿರಬೇಕು. ಹೆಚ್ಚಿನ ಬೈಕುಗಳಲ್ಲಿ ಎಂಜಿನ್, ಗೇರ್‌ಬಾಕ್ಸ್, ಕ್ಲಚ್ ಮೂರಕ್ಕೂ ಒಂದೇ ಎಣ್ಣೆ. ಕ್ಲಚ್ಚಿನ ಪ್ಲೇಟುಗಳು ಆ ಎಣ್ಣೆಯಲ್ಲೇ ಮುಳುಗಿದ್ದು, ಘರ್ಷಣೆಯಿಂದಲೇ ಹಿಡಿತ ಪಡೆಯುತ್ತವೆ. ಅಲ್ಲಿ ಜಾರುವಿಕೆ ಹೆಚ್ಚಿದರೆ ಎಂಜಿನ್ ಕೂಗುತ್ತದೆ, ಗಾಡಿ ಎಳೆಯುವುದಿಲ್ಲ. ಅದಕ್ಕೇ ಇಂಥ ಬೈಕುಗಳಿಗೆ ಜಾಸೊ ಎಂಬ ಮಾನದಂಡದ ಎಂಎ ಅಥವಾ ಎಂಎ2 ದರ್ಜೆ ಎಂದು ಡಬ್ಬಿಯ ಮೇಲೆ ಬರೆದಿರುವ ಎಣ್ಣೆ ಬೇಕು. ಘರ್ಷಣೆ ಇಳಿಸುವ ಎಂಬಿ ದರ್ಜೆ ಇರುವುದು ಕ್ಲಚ್ ಎಣ್ಣೆಯಲ್ಲಿ ಮುಳುಗಿರದ ಸ್ಕೂಟರುಗಳಿಗೆ.