ಸಿಗಡಿ ಸಿಪ್ಪೆ ಸರಕಾದ ಬಗೆ

ಸಿಗಡಿಯ ತಲೆ, ಸಿಪ್ಪೆ ತೆಗೆದರೆ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಹೋಗುತ್ತದೆ. ಏಡಿ, ಸಿಗಡಿ, ಲಾಬ್‌ಸ್ಟರ್‌ಗಳಿಂದ ಜಗತ್ತಿನಲ್ಲಿ ವರ್ಷಕ್ಕೆ 60ರಿಂದ 80 ಲಕ್ಷ ಟನ್ ಸಿಪ್ಪೆ ಉಳಿಯುತ್ತದೆಂಬ ಅಂದಾಜಿದೆ. ಅದರಲ್ಲಿರುವ ಕೈಟಿನ್ ಎಂಬ ಪಾಲಿಮರ್ ನಿನ್ನೆ ಮೊನ್ನೆಯ ಶೋಧವೇನಲ್ಲ. ಫ್ರಾನ್ಸಿನ ಆನ್ರಿ ಬ್ರಾಕೊನೊ 1811ರಲ್ಲೇ ಅದನ್ನು ಅಣಬೆಯಲ್ಲಿ ಗುರುತಿಸಿದ್ದ. 1859ರಲ್ಲಿ ಶಾರ್ಲ್ ರೂಜೆ ಅದನ್ನು ಕಡು ಕ್ಷಾರದಲ್ಲಿ ಕುದಿಸಿ, ಆಮ್ಲದಲ್ಲಿ ಕರಗುವಂತೆ ಮಾಡಿದ. ಅದೇ ಇಂದಿನ ಕೈಟೋಸಾನ್. ಆದರೂ ಜಪಾನಿನಲ್ಲಿ ಅದು ಕಾರ್ಖಾನೆಯ ಸರಕಾಗಲು 1970ರ ದಶಕವೇ ಬರಬೇಕಾಯಿತು. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಸಿಗಡಿ ಸಿಪ್ಪೆಯಿಂದ ಅದನ್ನು ತೆಗೆಯುವ ವಿಧಾನ ರೂಪಿಸಿದ್ದೂ ಅದೇ ದಶಕದಲ್ಲಿ. ರಸಾಯನಶಾಸ್ತ್ರಕ್ಕೆ ಗೊತ್ತಿದ್ದದ್ದು ನೂರು ವರ್ಷ ಏಕೆ ಕಾಯಿತು? ರಫ್ತಿಗಾಗಿ ಸಿಗಡಿ ಸುಲಿಯುವ ಕೆಲಸ ಬಂದರುಗಳಲ್ಲಿ ಬೆಳೆದು ಸಿಪ್ಪೆ ಒಂದೆಡೆ ರಾಶಿ ಬಿದ್ದದ್ದು, ಕಂಡಲ್ಲಿ ಸುರಿಯಲು ಕಾನೂನು ಅಡ್ಡ ಬಂದದ್ದು, ಇವೇ ದಾರಿ ತೆರೆದವು ಎಂಬುದು ನನ್ನ ವಾದ. ಎಸೆಯುವುದು ಪುಕ್ಕಟೆಯಾಗಿರುವವರೆಗೆ ಕಸಕ್ಕೆ ಬೆಲೆ ಬರುವುದಿಲ್ಲ.

ಕೆಲಸದ ಬಗೆ ನೋಡಿ. ಸಿಪ್ಪೆಯನ್ನು ತೆಳು ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಹಾಕಿದರೆ ನೊರೆಯೇಳುತ್ತದೆ. ಸುಣ್ಣದ ಅಂಶ ಕರಗಿ, ಗರಿಗರಿಯಾಗಿದ್ದದ್ದು ಮೆತ್ತಗಾಗುತ್ತದೆ. ಕಾಸ್ಟಿಕ್ ಸೋಡಾ ಪ್ರೋಟೀನನ್ನು ಬಿಡಿಸುತ್ತದೆ. ಉಳಿದ ಕೈಟಿನ್ನನ್ನು ಇನ್ನೂ ಕಡುವಾದ ಸೋಡಾದಲ್ಲಿ ಕಾಯಿಸಿದರೆ ಕೈಟೋಸಾನ್ ಸಿದ್ಧ. ತೆಳು ಅಸಿಟಿಕ್ ಆಮ್ಲದಲ್ಲಿ ಅದು ಗಂಜಿಯಂತೆ ಮಂದವಾಗಿ ಕರಗುತ್ತದೆ. ಗಾಜಿನ ಮೇಲೆ ಹರಡಿ ಒಣಗಿಸಿದರೆ ಪಾರದರ್ಶಕ ಹಾಳೆ. ಅದರ ಧನ ವಿದ್ಯುದಂಶ ರಕ್ತಕಣಗಳನ್ನು ಸೆಳೆದು ಹಿಡಿಯುವುದರಿಂದಲೇ ರಕ್ತಸ್ರಾವ ತಡೆಯುವ ಕೈಟೋಸಾನ್ ಪಟ್ಟಿ ಹುಟ್ಟಿತು. 2002ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಇಂಥ ಪಟ್ಟಿ ಇರಾಕ್, ಅಫ್ಗಾನಿಸ್ತಾನದ ಯುದ್ಧಭೂಮಿಗೂ ಹೋಯಿತು.

ಒಂದು ಕಸ ಕಳೆಯಲು ಇನ್ನೊಂದು ಕಸ ಹುಟ್ಟಿಸಿದಂತಾಗಲಿಲ್ಲವೇ ಎಂಬ ಆಕ್ಷೇಪ ಸುಳ್ಳಲ್ಲ. ಒಂದು ಕಿಲೋ ಕೈಟೋಸಾನಿಗೆ ಸಾವಿರ ಲೀಟರಿಗೂ ಹೆಚ್ಚು ನೀರು ಬೇಕು; ಆಮ್ಲ, ಕ್ಷಾರ ಬೆರೆತ ಆ ನೀರನ್ನು ಶುದ್ಧ ಮಾಡದೆ ಹೊರಬಿಟ್ಟರೆ ಹಳೆಯ ತಪ್ಪೇ ಹೊಸ ವೇಷದಲ್ಲಿ ಬರುತ್ತದೆ. ಪ್ಲಾಸ್ಟಿಕ್ಕಿಗೆ ಇದೇ ಬದಲಿ ಎಂಬ ಪ್ರಚಾರವನ್ನೂ ನಾನು ಒಪ್ಪಲಾರೆ. ಈ ಹಾಳೆ ತೇವ ಹೀರಿ ಸಡಿಲಾಗುತ್ತದೆ, ಬೆಲೆಯೂ ದುಬಾರಿ. ಗಾಯದ ಪಟ್ಟಿ, ಕೊಳಚೆ ನೀರಿನ ಶುದ್ಧೀಕರಣ, ಬೀಜೋಪಚಾರ, ಹಣ್ಣಿನ ಮೇಲಿನ ಲೇಪಗಳೇ ಇದರ ನಿಜವಾದ ಕ್ಷೇತ್ರ. ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾಗಳಿಂದ ಸಿಪ್ಪೆಯನ್ನು ಹುದುಗಿಸುವ ವಿಧಾನ ಈಗಾಗಲೇ ಇದೆ. ಅದರಿಂದ ರಾಸಾಯನಿಕದ ಬಳಕೆ ತಗ್ಗುತ್ತದೆ, ಪ್ರೋಟೀನೂ ಮೇವಿಗೆ ಸಿಗುತ್ತದೆ. ಸಮಯ ಹೆಚ್ಚು ಹಿಡಿಯುವ, ಸುಣ್ಣ ಪೂರ್ತಿ ಹೋಗದ ಆ ದಾರಿಯನ್ನು ಕಾರ್ಖಾನೆ ತಾನಾಗಿ ಹಿಡಿಯದು. ಸಿಪ್ಪೆ ಸುರಿಯುವುದಕ್ಕೆ ಬಿದ್ದ ಕಡಿವಾಣ ಕ್ಷಾರದ ನೀರಿಗೂ ಬೀಳಬೇಕು.